ಪುಸ್ತಕಕ್ಕೆ ಬಂದ ಅಕ್ಕಿ

“ಬಳ್ಳೊಳ್ಳಿ ವಾಸನಿ ಎಲ್ಲಿಂದ ಬಂತು?”

ಬಳ್ಳಾರಿಯ ದೊಡ್ಡಾಸ್ಪತ್ರೆಯ ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದ ಜಂಬಮ್ಮ ಹೀಗೆ ಕೇಳಿದಳು. ನನ್ನನ್ನು ಕೇಳಲಿಲ್ಲ, ಎದುರಿಗೆ ನಿಂತಿದ್ದ ಕುರುಗೋಡಿನವರನ್ನೂ ಕೇಳಲಿಲ್ಲ. ಅಂಗಳದ ಬೇವಿನ ಮರದ ಕಡೆ ನೋಡುತ್ತ ಕೇಳಿದಳು. ಅವಳ ಗಂಡ ಕೊಟ್ಟೂರಪ್ಪನ ಹೆಣ ಒಳಗಿನ ಕೋಣೆಯಲ್ಲಿ ಡಾಕ್ಟರ ಕತ್ತರಿಗೆ ಕಾಯುತ್ತಿತ್ತು.

ಎಪ್ಪತ್ತೊಂಬತ್ತರ ಶ್ರಾವಣ, ಮೂರನೆಯ ಸೋಮವಾರ. ಸುದ್ದಿ ಮುಟ್ಟಿದ ಕೂಡಲೇ ನಾನು ಸಿರುಗುಪ್ಪದಿಂದ ಬಸ್ಸು ಹಿಡಿದು ಬಂದಿದ್ದೆ.

ಗವಿಸಿದ್ದಯ್ಯ ಶಾಸ್ತ್ರಿಗಳು ಪ್ರತಿ ಶ್ರಾವಣದಲ್ಲಿ ಪುರಾಣ ಹೇಳುವವರು. ಅವರು ಪದ್ಯ ಓದಿದರೆ ಕೊಟ್ಟೂರಪ್ಪ ಹಾರ್ಮೋನಿಯಂ ಮೇಲೆ ಅದರ ಕೊನೆಯ ಸಾಲನ್ನು ಎತ್ತಿ ಹಾಡುವನು. ಆಮೇಲೆ ಶಾಸ್ತ್ರಿಗಳು ಅರ್ಥ ಬಿಡಿಸುವರು. ನಾನು ಅಪ್ಪನ ತೊಡೆಯ ಮೇಲೆ ಕುಳಿತು ಪುರಾಣ ಕೇಳುತ್ತ ಬೆಳೆದವನು. ಓದು ಹೆಚ್ಚಿಲ್ಲ. ನನಗೆ ಗೊತ್ತಿರುವ ಒಳ್ಳೆಯ ಮಾತುಗಳೆಲ್ಲ ಕಿವಿಯಿಂದ ಬಂದವು. ಅವುಗಳಲ್ಲಿ ಅರ್ಧದಷ್ಟು ಕೊಟ್ಟೂರಪ್ಪನ ದನಿಯಲ್ಲೇ ಬಂದವು.

ಅವರಿಗೊಂದು ಹಳೆಯ ವ್ಯಾನು ಇತ್ತು. ಕೊಟ್ಟೂರಪ್ಪನೇ ಓಡಿಸುತ್ತಿದ್ದ. ಒಳಗೆ ಎರಡೂ ಬದಿಗೆ ಮಲಗುವ ಹಲಗೆ, ಹಲಗೆಯ ಕೆಳಗೆ ಸಾಮಾನು, ಮೂಲೆಯಲ್ಲಿ ಸ್ಟೋವು. ಜಂಬಮ್ಮ ಅಡುಗೆಗೆ ಜೊತೆಗಿರುತ್ತಿದ್ದಳು. ಆ ವರ್ಷ ಮೊದಲ ಹದಿನೈದು ದಿನ ಸಿರುಗುಪ್ಪದಲ್ಲಿ ಓದು, ಉಳಿದದ್ದು ಕುರುಗೋಡಿನಲ್ಲಿ, ಕಡೆಯ ದಿನ ಅಲ್ಲೇ ಮಂಗಳ, ದಾಸೋಹ. ಶುಕ್ರವಾರ ಅವರು ಕುರುಗೋಡಿಗೆ ಹೋದರು. ಶನಿವಾರ ಬೆಳಿಗ್ಗೆ ಶಾಸ್ತ್ರಿಗಳೂ ಕೊಟ್ಟೂರಪ್ಪನೂ ವ್ಯಾನಿನಿಂದ ತಲೆ ಹಿಡಿದುಕೊಂಡೇ ಇಳಿದರಂತೆ. ವಾಂತಿ, ಎದೆ ಬಿಗಿತ. ಗುಡಿಯ ಕಟ್ಟೆಯ ಮೇಲೆ ಕುಳಿತು ಮಧ್ಯಾಹ್ನದ ಹೊತ್ತಿಗೆ ಹಗುರಾದರು, ಸಂಜೆ ಪುರಾಣವನ್ನೂ ಓದಿದರು. ಭಾನುವಾರ ಬೆಳಿಗ್ಗೆ ಮತ್ತೆ ಅದೇ, ಇನ್ನೂ ಜೋರು. ಸೋಮವಾರ ಕೊಟ್ಟೂರಪ್ಪ ಏಳಲೇ ಇಲ್ಲ.

ಜಂಬಮ್ಮ ಅದೇ ಅಡುಗೆ ಉಂಡಿದ್ದಳು. ಮಲಗುತ್ತಿದ್ದುದು ಮಾತ್ರ ಗುಡಿಯ ಹಿಂದಿನ ಮನೆಯೊಂದರ ಪಡಸಾಲೆಯಲ್ಲಿ. ಅವಳಿಗೆ ಏನೂ ಆಗಿರಲಿಲ್ಲ. ಊರಿಗೆ ಅಷ್ಟೇ ಸಾಕಾಗಿತ್ತು. ಅದರ ಮೇಲೆ ಈ ವಾಸನೆ. ಪುರಾಣ ಹಿಡಿದ ತಿಂಗಳು ಶಾಸ್ತ್ರಿಗಳು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅಂಥವರು ಮಲಗಿದ್ದ ವ್ಯಾನಿನ ಬಾಗಿಲು ತೆರೆದರೆ ಬೆಳ್ಳುಳ್ಳಿ ನಾರುತ್ತಿತ್ತು.

“ಕೇಳ್ತಾಳ ನೋಡು, ಎಲ್ಲಿಂದ ಬಂತಂತ!” ಎಂದಳು ವೀರಭದ್ರಮ್ಮ. ಕುರುಗೋಡಿನಲ್ಲಿ ಪುರಾಣ ಇಡಿಸಿದ ಉಜ್ಜಿನಗೌಡರ ಹೆಂಡತಿ. “ಅಡಿಗಿ ಮಾಡಾಕಿ ನೀನು. ಬಳ್ಳೊಳ್ಳಿ ಮರ್ಯಾಗ ಏನು ಬೆರೆಸಿ ಹಾಕೀದಿ, ನೀನ ಹೇಳು.”

“ನಾ ಏನೂ ಹಾಕಿಲ್ಲ, ಯಕ್ಕಾ.”

“ತೋರ್ಸು ಕೈ.”

ವೀರಭದ್ರಮ್ಮ ಬಗ್ಗಿ ಅವಳ ಬಲಗೈ ಎತ್ತಿ ಮೂಗಿಗೆ ಹಿಡಿದು ಮೂಸಿದಳು. ಒಂದು ಸಲ ಅಂಗೈ, ಒಂದು ಸಲ ಬೆರಳ ಸಂದು. ಆಸ್ಪತ್ರೆಗೆ ಬಂದವರೆಲ್ಲ ನಿಂತು ನೋಡಿದರು. ನಾನೂ ನೋಡಿದೆ. ಬಾಯಿ ಬಿಡಲಿಲ್ಲ. ಅವಳು ಮಾಡಿದ್ದರೂ ಮಾಡಿರಬಹುದೇ ಎಂಬ ಮಾತು ನನ್ನ ತಲೆಯಲ್ಲೂ ಒಂದು ಗಳಿಗೆ ಸುಳಿಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

“ತೊಳ್ಕೊಂಡಾಳ, ಎಲ್ಲಿ ಉಳೀತತಿ,” ಎಂದು ವೀರಭದ್ರಮ್ಮ ಕೈ ಬಿಟ್ಟಳು.

ಡಾಕ್ಟರು ಹೊರಗೆ ಬಂದು, ವಿಷದ ಹಾಗೆ ಕಾಣುತ್ತದೆ, ಯಾವುದೆಂದು ಈಗಲೇ ಹೇಳಲಾಗದು, ಪರೀಕ್ಷೆಗೆ ಕಳಿಸಿದರೆ ಉತ್ತರ ಬರಲು ಒಂದೆರಡು ತಿಂಗಳು ಎಂದರು. ಗೌಡರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. “ಎಲ್ಡು ತಿಂಗಳು ಯಾರು ಕಾಯ್ತಾರ? ಸಂಜಿಗೆ ಕಂಪ್ಲೇಂಟ್ ಕೊಡ್ತೀನಿ. ಕರ್ಕೊಂಡು ಹೋಗ್ಲಿ, ಅಲ್ಲಿ ಬಾಯಿ ಬಿಡ್ತಾಳ.”

ಶಾಸ್ತ್ರಿಗಳನ್ನು ಮಲಗಿಸಿದ್ದ ವಾರ್ಡಿನೊಳಗೆ ಹೋದೆ. ಶಾಸ್ತ್ರಿಗಳ ತುಟಿ ನೀಲಿಗಟ್ಟಿತ್ತು, ಮಾತು ತುಂಡುತುಂಡಾಗಿ ಬರುತ್ತಿತ್ತು.

“ಮೈಲಾರಪ್ಪ, ಜಂಬವ್ವ ಅಂಥಾಕಿ ಅಲ್ಲಪ್ಪ.”

“ಗುಡಿಯಾಗ ಮಲಗಲಿಲ್ಲೇನ್ರಿ ನೀವು? ನಮ್ಮೂರಾಗ ದಿನಾ ಗುಡಿಯಾಗ ಮಲಗ್ತಿದ್ರಿ.”

“ಸೋರ್ತಿತ್ತು. ಮಳಿ ಹಿಡೀತು. ವ್ಯಾನಿನ ಕಿಟಕಿ, ಬಾಗಲ ಎಲ್ಲಾ ಬಿಗ್ಯಾಗಿ ಹಾಕ್ಕೊಂಡು ಮಲಗಿದ್ವಿ.” ಸ್ವಲ್ಪ ಹೊತ್ತು ಉಸಿರು ಎಳೆದರು. “ಒಂದು ಸೊಳ್ಳಿ ಸುದ್ದ ಇದ್ದಿಲ್ಲ. ನೊಣ ಇಲ್ಲ, ಇರುವಿ ಇಲ್ಲ. ‘ಶಾಸ್ತ್ರಿಗಳ, ಶಿವನ ಕಾವಲು ನೋಡ್ರಿ’ ಅಂತ ಕೊಟ್ಟೂರಪ್ಪ ನಗ್ತಿದ್ದ.”

ಸೊಳ್ಳೆಯಿಲ್ಲದ, ನೊಣವಿಲ್ಲದ, ಇರುವೆಯಿಲ್ಲದ ಜಾಗ ಒಂದೇ ಒಂದು ನನಗೆ ಗೊತ್ತಿತ್ತು.

ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಗೋದಾಮು ನೋಡಿಕೊಳ್ಳುವವನು. ವರ್ಷಕ್ಕೆ ಮೂರು ಸಲ ಚೀಲಗಳ ನಡುವೆ ಗುಳಿಗೆ ಇಡುತ್ತೇವೆ. ಬೂದು ಬಣ್ಣದ, ಬಿಲ್ಲೆಯಂಥ ಗುಳಿಗೆ. ಗಾಳಿಯ ತೇವಕ್ಕೆ ಅದು ಅರಳಿ ಹಬೆ ಬಿಡುತ್ತದೆ, ಹುಳ ಸಾಯುತ್ತವೆ. ಗೋದಾಮಿನ ಬಾಗಿಲಿಗೆ ಮಣ್ಣು ಮೆತ್ತಿ ಏಳು ದಿನ ಬೀಗ. ಆ ಏಳು ದಿನ ಯಾರೂ ಒಳಗೆ ಕಾಲಿಡುವಂತಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ.

ಪುರಾಣಕ್ಕೆ ಬರುವವರು ಪುಸ್ತಕದ ಮುಂದೆ ದಿನಾ ಬೊಗಸೆ ಅಕ್ಕಿ ಸುರಿಯುತ್ತಾರೆ. ಹದಿನೈದು ದಿನಕ್ಕೆ ಐದು ಚೀಲ ಆಗಿತ್ತು. ಮಂಗಳದ ದಾಸೋಹಕ್ಕೆ ಮೀಸಲು. ನೂರು ಮನೆಯ ಅಕ್ಕಿ. ಕೆಲವು ಮನೆಯದರಲ್ಲಿ ಹುಳ ಹರಿದಾಡುತ್ತಿತ್ತು. ದಾಸೋಹದ ಎಸರಿನಲ್ಲಿ ಒಂದು ಜೀವವೂ ಬೇಯಬಾರದು ಎಂದು ಶಾಸ್ತ್ರಿಗಳು ಅರ್ಥ ಹೇಳುವಾಗ ಎಷ್ಟೋ ಸಲ ಅಂದಿದ್ದರು. ಎಸರಿನಲ್ಲಿ ಬೇಯಬಾರದೆಂದು ನಾನು ಅವನ್ನು ಅಕ್ಕಿಯಲ್ಲೇ ಕೊಂದೆ. ಹಳೆಯ ಧೋತರ ಹರಿದು ಗಂಟು ಕಟ್ಟಿ, ಚೀಲದ ಬಾಯಿಗೆ ಎರಡೆರಡು ಗುಳಿಗೆ ಸಿಕ್ಕಿಸಿ, ಶುಕ್ರವಾರ ಅವರು ಹೊರಡುವ ಮುಂಚೆ ನನ್ನ ಕೈಯಾರೆ ವ್ಯಾನಿನ ಹಲಗೆಯ ಕೆಳಗೆ ಜೋಡಿಸಿದೆ. ಸೇವೆ ಮಾಡಿದೆನೆಂದು ಕೈಮುಗಿದು ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ, ಮಾಡಿದ ಸೇವೆಯನ್ನು ಹೇಳಿಕೊಳ್ಳಬಾರದು ಎಂದು ಅಪ್ಪ ಕಲಿಸಿದ್ದ. ವ್ಯಾನು ನನ್ನ ಲೆಕ್ಕಕ್ಕೆ ಒಂದು ಬಂಡಿ. ಅದೊಂದು ಕೋಣೆಯೂ ಹೌದೆಂದು ನನಗೆ ಹೊಳೆಯಲಿಲ್ಲ.

ಹೊರಗೆ ಬಂದು ಗೌಡರ ಮುಂದೆ ನಿಂತೆ. “ಗೌಡ್ರ, ಕಂಪ್ಲೇಂಟ್ ಕೊಡೂಕಿಂತ ಮೊದ್ಲು ವ್ಯಾನ್ ನೋಡೂಣು ಬರ್ರಿ.”

“ವ್ಯಾನಿನ್ಯಾಗೇನೈತಿ?”

“ನೋಡೂಣು ಬರ್ರಿ.”

ಅವರ ಜೀಪಿನಲ್ಲಿ ಕುರುಗೋಡಿಗೆ ಹೋದೆವು. ದಾರಿಯುದ್ದಕ್ಕೂ, ನನ್ನ ಎಣಿಕೆ ತಪ್ಪಾಗಲಿ ಎಂದು ಶಿವನನ್ನು ಬೇಡುತ್ತಿದ್ದೆ. ತಪ್ಪಾದರೆ ಸಂಜೆ ಜಂಬಮ್ಮ ಠಾಣೆಗೆ ಹೋಗುತ್ತಾಳೆಂಬುದು ಗೊತ್ತಿದ್ದೇ ಬೇಡುತ್ತಿದ್ದೆ.

ಬೆಳಿಗ್ಗೆ ಹೆಣ ಇಳಿಸಿದ ಮೇಲೆ ವ್ಯಾನಿನ ಬಾಗಿಲು ಮುಚ್ಚಿಯೇ ಇತ್ತು. ಗೌಡರು ಎಳೆದು ತೆರೆದವರೇ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡರು.

“ಇದ! ಇದ ವಾಸನಿ! ನಾ ಹೇಳ್ಲಿಲ್ಲೇನು?”

ನನ್ನ ಮೂಗಿಗೆ ಏನೂ ಬಡಿಯಲಿಲ್ಲ. ಹದಿನಾಲ್ಕು ವರ್ಷ ಗೋದಾಮಿನಲ್ಲಿ ನಿಂತು, ಗುಳಿಗೆಯ ಆ ಬೆಳ್ಳುಳ್ಳಿ ನಾತಕ್ಕೆ ಸತ್ತುಹೋದ ಮೂಗು.

“ಅಡಿಗಿ ಮಾಡಾಕಿ ಬಳ್ಳಾರ್ಯಾಗ ಕುಂತಾಳ್ರಿ,” ಎಂದೆ. “ಇವತ್ತು ಇಲ್ಲಿ ಒಲಿ ಹಚ್ಚಿಲ್ಲ. ವಾಸನಿ ಯಾರ ಕೈಯಾಂದು?”

ಬಾಗಿಲು ಕಿಟಕಿ ಎಲ್ಲ ತೆರೆದು ಬಹಳ ಹೊತ್ತು ದೂರ ನಿಂತೆವು. ಆಮೇಲೆ ಉಸಿರು ಬಿಗಿಹಿಡಿದು ಹಲಗೆ ಎತ್ತಿದೆ. ಕೆಳಗೆ ಜಿರಲೆಗಳು ಅಂಗಾತ ಬಿದ್ದಿದ್ದವು, ಒಂದು ಹಲ್ಲಿಯೂ ಇತ್ತು. ಹತ್ತಿರದ ಚೀಲದ ಬಾಯಿಯಿಂದ ಧೋತರದ ಗಂಟು ತೆಗೆದು ತಂದು ಹೊರಗಿನ ಕಲ್ಲಿನ ಮೇಲೆ ಬಿಚ್ಚಿದೆ. ಗುಳಿಗೆ ಇರಲಿಲ್ಲ. ನುಣ್ಣನೆಯ ಬೂದು ಬಣ್ಣದ ಪುಡಿ ಇತ್ತು.

“ಏನಿದು? ವಿಭೂತಿ?” ಎಂದು ಗೌಡರು ಕೈ ಚಾಚಿದರು.

“ಮುಟ್ಟಬ್ಯಾಡ್ರಿ.”

“ಯಾರು ಇಟ್ಟಿದ್ದು?”

“ನಾನು.”

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದೆ, ಪೊಲೀಸರಿಗೆ ಬರೆದುಕೊಟ್ಟೆ, ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದೆ. ಕಡೆಗೆ ಜಂಬಮ್ಮನ ಎದುರು ನೆಲದ ಮೇಲೆ ಕುಳಿತು ಹೇಳಿದೆ. ಅವಳು ಅಳಲಿಲ್ಲ.

“ಎಷ್ಟು ಗುಳಿಗಿ?” ಎಂದಳು.

“ಚೀಲಕ್ಕ ಎಲ್ಡು.”

“ಐದು ಚೀಲ.”

“ಹ್ಞೂಂ.”

“ಹುಳಕ್ಕ,” ಎಂದಳು. ಮತ್ತೆ ಬೇವಿನ ಮರದ ಕಡೆ ತಿರುಗಿದಳು.

ಆ ಅಕ್ಕಿಯನ್ನು ಊರ ಹೊರಗೆ ಗುಂಡಿ ತೋಡಿ ಮುಚ್ಚಿದರು. ಶಾಸ್ತ್ರಿಗಳು ಉಳಿದುಕೊಂಡರು. ಇಪ್ಪತ್ತು ದಿನದ ಮೇಲೆ, ನಿಂತುಹೋದ ಪುರಾಣಕ್ಕೆ ಮಂಗಳ ಹಾಡಿಯೇ ಪುಸ್ತಕ ಕಟ್ಟುತ್ತೇನೆಂದು ಕುರುಗೋಡಿಗೆ ಬಂದು ಕುಳಿತರು. ಆದರೆ ಊರಿನವರು ದಾಸೋಹಕ್ಕೆ ಅಕ್ಕಿಯನ್ನೂ ತರಲಿಲ್ಲ, ಉಣ್ಣಲು ಬರುತ್ತೇವೆಂದೂ ಹೇಳಲಿಲ್ಲ. ಗೌಡರು ನನಗೆ ಹೇಳಿ ಕಳಿಸಿದರು. ಕೇಸು ನಡೆದಿತ್ತು, ಕೆಲಸ ಹೋಗಿತ್ತು. ಮನೆಯಲ್ಲೇ ಇದ್ದ ನಾನು ಕುರುಗೋಡಿಗೆ, ಗೌಡರ ಮನೆಗೆ ಹೋದೆ.

“ಜಂಬಮ್ಮ ಬಂದು ಎಸರಿಗೆ ಮೊದಲ ಬೊಗಸಿ ಅಕ್ಕಿ ಹಾಕಿದ್ರ ಮಂದಿ ಉಣ್ತಾರ,” ಎಂದರು. “ಆಕಿ ಕೈ ಚೊಕ್ಕ ಐತಿ ಅಂತ ಈಗ ಎಲ್ಲಾರಿಗೂ ಗೊತ್ತಾಗೈತಿ. ನೀ ಹೋಗಿ ಕರಿ.”

“ನಾನ್ಯಾಕ್ರಿ? ನೀವ ಹೋಗ್ರಿ.”

“ನಮ್ಮ ಮಾರಿ ನೋಡಾಂಗಿಲ್ಲ ಆಕಿ.”

“ನನ್ನ ಮಾರಿ ನೋಡ್ತಾಳೇನ್ರಿ?”

ವೀರಭದ್ರಮ್ಮ ಬಾಗಿಲ ಹಿಂದಿನಿಂದ, “ನೀ ಖರೇ ಹೇಳಿದಾಂವಪ್ಪ,” ಎಂದಳು. ಅವಳ ದನಿ ಬಹಳ ಸಣ್ಣದಾಗಿತ್ತು.

ಶಾಸ್ತ್ರಿಗಳ ಮುಖ ನೋಡಿ ಒಪ್ಪಿದೆ. ರಾರಾವಿಯಲ್ಲಿ ಜಂಬಮ್ಮನ ತವರು. ಹೋದಾಗ ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ಗೂಡಿನಲ್ಲಿ ಹಾರ್ಮೋನಿಯಂ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿತ್ತು. ನನ್ನನ್ನು ನೋಡಿ ಎದ್ದು ಒಂದು ತಂಬಿಗೆ ನೀರು ತಂದಿಟ್ಟಳು. ಕುಡಿಯಲಿಕ್ಕೆ ನನ್ನಿಂದ ಆಗಲಿಲ್ಲ.

ಬಂದ ಕಾರಣ ಹೇಳಿದೆ. ಗೌಡರು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. “ಶಾಸ್ತ್ರಿಗಳ ಸಲುವಾಗಿ ಬಾರವ್ವ,” ಎಂದೆ. “ಒಂದ ಬೊಗಸಿ. ಹಾಕಿ ಬಂದುಬಿಡು.”

ಜಂಬಮ್ಮ ಜೋಳದಲ್ಲಿ ಸಿಕ್ಕ ಒಂದು ಹರಳನ್ನು ಎತ್ತಿ ಅಂಗಳಕ್ಕೆ ಎಸೆದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು.

“ಗಂಡನ ಹೆಣ ಒಳಗಿತ್ತು,” ಎಂದಳು. “ಹೊರಗ ಈ ಕೈ ಹಿಡಿದು ಮೂಸಿದ್ರು. ನೀ ನಿಂತು ನೋಡಿದಿ.”

“ನೋಡಿದೆ.”

“ನಾ ಬರಾಂಗಿಲ್ಲಣ್ಣ.”