ಇಳಿಜಾರಿನಲ್ಲಿ ನಿಂತ ಕಾರು

ಕಾರಿನ ಅಡಿಯಿಂದ ಹೊರಟ ಎಣ್ಣೆಯ ಗೆರೆ ಗೇಟಿನ ತನಕ ಹರಿದಿದ್ದನ್ನು ಮೊದಲು ಕಂಡವನು ನನ್ನ ಮಗ. ಅವನ ಮುಖದಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚಾಗಿತ್ತು ಎಂದು ಈಗಲೂ ಅವನೆದುರೇ ಹೇಳುತ್ತೇನೆ. ನಾನು ಕೆಲಸ ಬಿಡಬೇಕೆಂದು ವರ್ಷದಿಂದ ಪೀಡಿಸುತ್ತಿದ್ದವನಿಗೆ ಒಂದು ನೆಪ ಬೇಕಿತ್ತು, ಅದು ನಮ್ಮ ಅಂಗಳದಲ್ಲೇ ಸಿಕ್ಕಿತು.

ನನ್ನದು ಹೊಲಿಗೆ ಮಿಷನ್ ರಿಪೇರಿ ಕೆಲಸ. ಬಟ್ಟೆ ಕಾರ್ಖಾನೆಗಳಲ್ಲಿ ಕೆಟ್ಟು ನಿಂತ ಮಿಷನ್ನಿನ ಮೇಲ್ಭಾಗವನ್ನು, ನಾವು ಹೆಡ್ಡು ಅನ್ನುತ್ತೇವೆ, ಬಿಚ್ಚಿ ಮನೆಗೆ ತಂದು ಸರಿಮಾಡಿ ಮತ್ತೆ ಕೂರಿಸಿ ಬರಬೇಕು. ಒಂದೊಂದೂ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದಕ್ಕೆಂದೇ ಕಾರಿನ ಹಿಂದಿನ ಸೀಟು ಕಿತ್ತು ಹಲಗೆ ಹಾಕಿಸಿದ್ದೇನೆ. ಕಾರು ಹೋದರೆ ನನ್ನ ಕೆಲಸವೂ ಹೋಯಿತು. ಇದು ಮಗನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಕರೆತಂದ ಮೆಕ್ಯಾನಿಕ್ಕಿಗೆ ನಾನಿಟ್ಟ ಹೆಸರು ‘ಆಗಲ್ಲ’. ಏನೇ ಕೇಳಿ, ಮೊದಲ ಮಾತು ಅದೇ. ಆತ ಬಗ್ಗಿ ಅಡಿಗೆ ಒಮ್ಮೆ ಕೈಯಾಡಿಸಿ, ಬೆರಳು ಮೂಸಿ, ಎಂಜಿನ್ನಿನಲ್ಲಿ ಎಣ್ಣೆ ತಡೆಯುವ ಹಿಂದಿನ ಸೀಲು ಹೋಗಿದೆ, ಎಂಜಿನ್ ಇಳಿಸಬೇಕು, ಇಷ್ಟು ಹಳೆಯ ಗಾಡಿಗೆ ಅದು ದಂಡ ಅಂದುಬಿಟ್ಟ. ಮಗ ಆ ಮಾತಿಗೆ ಜೋತುಬಿದ್ದ. ಭಾನುವಾರ ಬಂದು ಎಳೆದುಕೊಂಡು ಹೋಗುವಂತೆ ಗುಜರಿಯವನಿಗೆ ಹೇಳಿಯೂ ಆಯಿತು. ನನ್ನನ್ನು ಕೇಳಲಿಲ್ಲ. ಎಲ್ಲ ತೀರ್ಮಾನವಾದ ಮೇಲೆ ತಿಳಿಸಿದ, ಅದೂ ಮೊಬೈಲ್ ನೋಡಿಕೊಂಡು.

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅವತ್ತು ದನಿ ಏರಿಸಲಿಲ್ಲ.

“ಎಲ್ಲಿಂದ ಸೋರ್ತಿದೆ ಅಂತ ಭಾನುವಾರದೊಳಗೆ ನಾನು ಕಂಡುಹಿಡಿದರೆ?”

“ಕಂಡುಹಿಡಿ ಅಮ್ಮಾ, ಆಮೇಲೆ ನೋಡೋಣ.”

“ನೋಡೋದಲ್ಲ. ಕಂಡುಹಿಡಿದು ನಿಲ್ಲಿಸಿದರೆ ಗಾಡಿ ಇಲ್ಲೇ ಇರುತ್ತೆ, ಕೆಲಸದ ಮಾತು ನೀನು ಎತ್ತೋ ಹಾಗಿಲ್ಲ. ಆಗದೆ ಹೋದರೆ ಕೀ ನಾನೇ ಕೊಡ್ತೀನಿ.”

ಅವನು ಒಪ್ಪಿದ. ಸುಲಭವಾಗಿ ಗೆಲ್ಲುತ್ತೇನೆಂದುಕೊಂಡಿದ್ದ, ಪಾಪ. ಸೊಸೆ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಾ ನಿಂತಿದ್ದಳು.

ಎಣ್ಣೆ ತೊಟ್ಟಿಕ್ಕುವ ಜಾಗವೇ ಎಣ್ಣೆ ಸೋರುವ ಜಾಗವಲ್ಲ. ಮಿಷನ್ನಿನ ಹೊಟ್ಟೆಯಿಂದ ಹೊರಟ ಎಣ್ಣೆ ಸೂಜಿಯ ತುದಿಗೆ ಬಂದು ಬಟ್ಟೆ ಕೆಡಿಸುವುದನ್ನು ದಿನವೂ ನೋಡುವವಳು ನಾನು. ಕಾರಿನದೂ ಅದೇ ಕತೆ ಇರಬೇಕು. ಮೇಲೆಲ್ಲೋ ಜಿನುಗಿದ್ದು ಕೆಳಗಿಳಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಹಿಂದಿನ ಸೀಲಿನ ಬಳಿ ಬಿದ್ದರೆ, ‘ಆಗಲ್ಲ’ ಮಹಾಶಯರಿಗೆ ಕಾಣುವುದು ಆ ಸೀಲು ಮಾತ್ರ.

ಮಾರನೆಯ ಬೆಳಿಗ್ಗೆ ಬಾನೆಟ್ ಎತ್ತಿ, ಹಳೆ ಬ್ರಷ್ಷು ಡೀಸೆಲ್ಲಿನಲ್ಲಿ ಅದ್ದಿ, ಎಂಜಿನ್ನಿನ ಸಂದುಗೊಂದನ್ನೆಲ್ಲ ಉಜ್ಜಿದೆ. ವರ್ಷಗಳ ಜಿಡ್ಡು. ಮೊಣಕೈ ತನಕ ಕಪ್ಪಾಯಿತು. ಚೆನ್ನಾಗಿ ಒರೆಸಿ ಒಣಗಿದ ಮೇಲೆ ಸೊಸೆಯ ಪೌಡರ್ ಡಬ್ಬ ಕೇಳಿ ತಂದು ಎಲ್ಲ ಕಡೆ ಉದುರಿಸಿದೆ. ಆಚೆ ಮನೆಯಾತ ಕಾಂಪೌಂಡಿನ ಮೇಲಿಂದ ಇಣುಕಿ, ಗಾಡಿಗೆ ಅಲಂಕಾರವೋ ಎಂದು ಕೇಳಿದ. ಹೆಣ್ಣು ನೋಡಲು ಬರುತ್ತಿದ್ದಾರೆ, ನೀವೂ ಬನ್ನಿ ಅಂದೆ. ಬೆಳ್ಳಗಿನ ಪೌಡರಿನ ಮೇಲೆ ಎಣ್ಣೆ ಎಲ್ಲಿ ಹರಿದರೂ ಗೆರೆ ಬೀಳಲೇಬೇಕು.

ಎರಡು ಹೆಡ್ಡು ಹೇರಿಕೊಂಡು ಕಾರ್ಖಾನೆಗೆ ಹೋಗಿಬಂದು ಮತ್ತೆ ಬಾನೆಟ್ ಎತ್ತಿದೆ. ಹಿಂದಿನ ಸೀಲಿನ ಮೇಲಿನಿಂದ ಒಂದು ಗೆರೆ ಇಳಿದಿತ್ತು. ಅದರ ಜಾಡು ಹಿಡಿದು ಮೇಲೆ ಹತ್ತಿದರೆ ಎಂಜಿನ್ನಿನ ತಲೆಯ ಮೇಲೆ, ಒಳಗಿನ ಹಬೆ ಹೊರಹೋಗುವ ರಬ್ಬರ್ ಪೈಪಿನ ಬುಡಕ್ಕೆ ಮುಟ್ಟಿತು. ಅಲ್ಲಿಂದ ಮೇಲೆ ಪೌಡರು ಹಾಗೇ ಇತ್ತು. ಪೈಪಿನ ಕ್ಲಿಪ್ಪು ಬಿಗಿ ಮಾಡಿ, ಗೆದ್ದೆ ಎಂದು ಒಳಗೆ ಬಂದು ಹೊಟ್ಟೆ ತುಂಬ ಉಂಡೆ.

ಮರುದಿನ ಅದೇ ಬುಡ ಮತ್ತೆ ಒದ್ದೆ. ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿದೆ. ಆದರೂ ಒದ್ದೆ. ಮಗ ಬೂಟು ಹಾಕಿಕೊಳ್ಳುತ್ತಾ ಓರೆಗಣ್ಣಲ್ಲಿ ನೋಡಿ ಹೋದ. ಮಾತು ಕೊಟ್ಟಿದ್ದೆ, ಸೋತರೆ ಕೀ ಕೊಡಲೇಬೇಕಿತ್ತು.

ಎಣ್ಣೆಗೆ ಕೆಲಸವೇ ಇಲ್ಲದ ಕಡೆಯಿಂದ ಎಣ್ಣೆ ಬಂದರೆ ಮಿಷನ್ನಿನಲ್ಲಿ ನಾವು ಮೊದಲು ನೋಡುವುದು ತೊಟ್ಟಿಯಲ್ಲಿ ಎಷ್ಟಿದೆ ಎಂದು. ಎಂಜಿನ್ನಿನ ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿದೆ. ಕೆಳಗಿನ ಗುರುತಿಗಿಂತಲೂ ಕಡಿಮೆ ತೋರಿಸಿತು. ಅದು ಯಾವಾಗಲೂ ಹಾಗೇ ತೋರಿಸುತ್ತಿತ್ತು, ಅದಕ್ಕೇ ನಾನೂ ಆಗಾಗ ಒಂದಿಷ್ಟು ಸುರಿಯುತ್ತಿದ್ದೆ. ಕಡಿಮೆ ಇದ್ದರೂ ಉಕ್ಕುವ ಎಣ್ಣೆ ಯಾವ ಜಾತಿಯದೆಂದು ನನಗೆ ತಲೆಬುಡ ತಿಳಿಯಲಿಲ್ಲ.

ಶನಿವಾರ ಗಾಳಿ ತುಂಬಿಸಲು ಪೆಟ್ರೋಲ್ ಬಂಕಿಗೆ ಹೋದಾಗ, ಸುಮ್ಮನೆ ಇರಲಾರದೆ ಮತ್ತೊಮ್ಮೆ ಕಡ್ಡಿ ಎಳೆದೆ. ಎಣ್ಣೆ ಮೇಲಿನ ಗುರುತು ದಾಟಿ ಬೆರಳುದ್ದ ಮೇಲೆ ನಿಂತಿತ್ತು. ಒರೆಸಿ ಮತ್ತೆ ಅದ್ದಿದೆ, ಅಷ್ಟೇ. ಆಗ ಕಾಲ ಕೆಳಗಿನ ನೆಲ ನೋಡಿದೆ. ಬಂಕಿನ ನೆಲ ಸಮತಟ್ಟು. ನಮ್ಮ ಅಂಗಳ ಇಳಿಜಾರು, ಕಾರು ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಎಣ್ಣೆಯೆಲ್ಲ ಹಿಂದಕ್ಕೆ ಸರಿದು, ಮುಂದಿರುವ ಕಡ್ಡಿಗೆ ಸಿಗುವುದೇ ಇಲ್ಲ. ಇಷ್ಟು ವರ್ಷ ಅಲ್ಲೇ ನಿಲ್ಲಿಸಿ ಅಲ್ಲೇ ಅಳೆದಿದ್ದೆವು. ತುಂಬಿ ತುಳುಕುವ ಎಂಜಿನ್ನಿಗೆ ಇನ್ನೂ ಸುರಿದರೆ ಅದು ಒಳಗೆ ನೊರೆಯೆದ್ದು ಪೈಪಿನಿಂದ ಕಕ್ಕದೆ ಏನು ಮಾಡೀತು?

ಆದರೆ ನಾನು ಸುರಿದದ್ದು ಅಷ್ಟಿರಲಿಲ್ಲ.

ಮನೆಗೆ ಬಂದು ಮಗ, ಸೊಸೆ ಇಬ್ಬರನ್ನೂ ಎದುರು ನಿಲ್ಲಿಸಿ, ಗಾಡಿಗೆ ಎಣ್ಣೆ ಸುರಿದವರು ಯಾರು ಎಂದು ನೇರವಾಗಿ ಕೇಳಿದೆ. ಮಗ ಮೊದಲು ಕತ್ತು ತುರಿಸಿದ. ಆಮೇಲೆ ಚಪ್ಪಲಿ ಗೂಡಿನ ಹಿಂದಿನಿಂದ ಆಯಿಲಿನ ಖಾಲಿ ಡಬ್ಬಗಳನ್ನು ಒಂದೊಂದಾಗಿ ತೆಗೆದಿಟ್ಟ.

“ಕಡ್ಡಿ ನೋಡಿದಾಗೆಲ್ಲ ಕಡಿಮೆ ಇರ್ತಿತ್ತಲ್ಲ ಅಮ್ಮಾ, ದಾರಿಯಲ್ಲಿ ಎಂಜಿನ್ ಹಿಡಿದುಕೊಂಡುಬಿಟ್ಟರೆ ನೀನೊಬ್ಬಳೇ ಏನು ಮಾಡ್ತೀಯ ಅಂತ…”

ಗಾಡಿಯನ್ನು ಗುಜರಿಗೆ ಹಾಕಲು ನಿಂತವನೇ ಅದಕ್ಕೆ ಗುಟ್ಟಾಗಿ ಎಣ್ಣೆ ಹೊಯ್ಯುತ್ತಿದ್ದ. ಅಷ್ಟರಲ್ಲಿ ಸೊಸೆ ಒಳಹೋಗಿ ಬಟ್ಟೆ ಒಗೆಯುವ ಟಬ್ಬಿನ ಹಿಂದಿನಿಂದ ತನ್ನ ಪಾಲಿನ ಡಬ್ಬಗಳನ್ನೂ ತಂದಳು. “ನೀವು ಯಾವತ್ತೂ ಎಣ್ಣೆ ನೋಡಲ್ಲ ಅಂದುಕೊಂಡಿದ್ದೆ ಅತ್ತೆ,” ಅಂದಳು, ಗಂಡನ ಕಡೆ ನೋಡದೆ. ನಾನೂ ನನ್ನ ಮೇಜಿನಡಿಯ ಡಬ್ಬ ಎಳೆದು ಸಾಲಿಗೆ ಸೇರಿಸಿದೆ. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಬರೀ ನಗುವಿನದಲ್ಲ, ಇರಲಿ.

ಕಾರನ್ನು ರಸ್ತೆಯ ಸಮತಟ್ಟಿಗೆ ತಂದು, ಅಡಿಯ ಬೋಲ್ಟ್ ಸಡಿಲಿಸಿ, ಹೆಚ್ಚಿನ ಎಣ್ಣೆಯನ್ನು ಬೇಸಿನ್ನಿಗೆ ಇಳಿಸಿದೆ. ಎಂಜಿನ್ ಮತ್ತೆ ಒರೆಸಿ, ಪೌಡರು ಉದುರಿಸಿ, ಊರೆಲ್ಲ ಸುತ್ತಿಬಂದು, ಅಡಿಗೆ ಹೊಸ ರಟ್ಟು ಹಾಸಿ ನಿಲ್ಲಿಸಿದೆ.

ಭಾನುವಾರ ಗುಜರಿಯವನು ಹಗ್ಗ ಹಿಡಿದು ಬಂದಾಗ ಮಗ ಕಾರಿನಡಿಯಿಂದ ರಟ್ಟು ಎಳೆದು ಬೆಳಕಿಗೆ ಹಿಡಿದಿದ್ದ. ಒಂದು ಚುಕ್ಕೆ ಇಲ್ಲ. ಪೌಡರೂ ಬೆಳ್ಳಗಿತ್ತು. ಆದರೂ ಅವನ ಮನಸ್ಸು ತಡೆಯಲಿಲ್ಲ.

“ಆಯಿಲ್ ವಿಷಯ ಬಿಡು ಅಮ್ಮಾ. ಆ ಹೆಡ್ಡು ಎತ್ತೋದು, ಇಳಿಸೋದು… ನಿನಗೆ ಸಾಕು ಅನಿಸಲ್ವಾ?”

“ಸಾಕು ಅನಿಸಿದ ದಿನ ನಾನೇ ಹೇಳ್ತೀನಿ. ಇಳಿಜಾರಲ್ಲಿ ನಿಲ್ಲಿಸಿ ಅಳೆದು, ಅಮ್ಮನ ಹತ್ತಿರ ಇನ್ನೇನೂ ಉಳಿದಿಲ್ಲ ಅಂತ ನೀನು ಹೇಳಬೇಡ.”

ಅವನು ರಟ್ಟು ಮಡಚುತ್ತಾ ನಿಂತ. ಗುಜರಿಯವನು ನಮ್ಮಿಬ್ಬರ ಮುಖ ನೋಡಿ, ಗಾಡಿ ಯಾವುದು ಎಂದು ಕೇಳಿದ. ಗಾಡಿ ಕೊಡುವುದಿಲ್ಲ, ಬಂದದ್ದಕ್ಕೆ ಇದನ್ನು ತೆಗೆದುಕೊಂಡು ಹೋಗು ಎಂದು ಮೂರು ಪಾಲಿನ ಖಾಲಿ ಡಬ್ಬಗಳನ್ನೂ ಅವನ ಚೀಲಕ್ಕೆ ತುಂಬಿದೆ.

ಆಮೇಲೆ ರಿಪೇರಿಯಾದ ಹೆಡ್ಡು ಎತ್ತಲು ಒಳಗೆ ಹೋದರೆ ಮಗ ಆಗಲೇ ಅದಕ್ಕೆ ಕೈಹಾಕಿದ್ದ. ನೀನು ಆ ಕಡೆ ಹಿಡಿ ಅಂದೆ. ಈ ಕಡೆ ನಾನು ಹಿಡಿದೆ.