ತೊಟ್ಟಿನ ವಾಸನೆ

ನಲವತ್ತು ವರ್ಷ ಬೇರು ಕುಟ್ಟಿ, ಗೂರಲು ಬಂದವರಿಗೆಲ್ಲ ಅದರ ಹೊಗೆ ಕೊಟ್ಟ ಅಮ್ಮನಿಗೆ ಕೊನೆಗೆ ಬಂದದ್ದೂ ಗೂರಲೇ. ಕುಟ್ಟಿದ ದೂಳು ಎದೆಗಿಳಿದಿತ್ತು. ಬೀದಿಗೆಲ್ಲ ಉಸಿರು ಕೊಟ್ಟ ಹೊಗೆ ಅವಳಿಗೆ ಮಾತ್ರ ಆಗಿಬರಲಿಲ್ಲ. ಒಂದೆಳೆ ಒಳಗೆ ಹೋದರೆ ಕಣ್ಣು ಮೇಲಾಗುತ್ತಿತ್ತು. ಆಸ್ಪತ್ರೆಯವರು ಅವಳನ್ನೇ ಕೇಳಿ ತಿಳಿದುಕೊಂಡು, ಅದೇ ಬೇರಿನ ಸಾರವನ್ನು ಮಾಸ್ಕಿನಲ್ಲಿ ತಣ್ಣನೆಯ ಮಂಜಾಗಿ ಕೊಡುವ ಪರೀಕ್ಷೆ ಶುರುಮಾಡಿದಾಗ, ವೆಲ್ಡಿಂಗ್ ಕೆಲಸ ಬಿಟ್ಟು ಮಗನೇ ಅವಳನ್ನು ಕರೆದೊಯ್ದ.

ಅರ್ಧ ಜನಕ್ಕೆ ಬೇರು, ಅರ್ಧ ಜನಕ್ಕೆ ಕಹಿ ವಾಸನೆ ಬೆರೆಸಿದ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ.

ಅಮ್ಮ ಒಂದೇ ಉಸಿರೆಳೆದು ಮಾಸ್ಕ್ ತೆಗೆದಳು.

"ಉಪ್ಪುನೀರು ಕಣೋ ಇದು."

"ಸುಮ್ನಿರಮ್ಮ."

"ಯಾರ ಕಿವಿ ಮೇಲೆ ಹೂವಿಡ್ತಾರೆ ಇವ್ರು?"

ಪಕ್ಕದ ಮುದುಕ ತನ್ನ ಮಾಸ್ಕ್ ಚಾಚಿದ. "ತಂಗಿ, ನಂದೂ ಒಂಚೂರು ಮೂಸಿ ನೋಡಮ್ಮ."

"ನಿಮ್ದು ಅಸಲಿ. ಪುಣ್ಯವಂತರು."

ಉಳಿದವರೂ ತಮ್ಮ ಮಾಸ್ಕ್ ಚಾಚಿದರು. ಐದು ನಿಮಿಷದಲ್ಲಿ ಬೆಂಚು ಎರಡು ಪಾಲಾಯಿತು. ನೀರು ಸಿಕ್ಕವರು ಮಾಸ್ಕ್ ಕಿತ್ತೆಸೆದರು. ಡಾಕ್ಟರಮ್ಮ ಓಡಿಬಂದರು.

"ಎರಡು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು! ನೀವು ಪರೀಕ್ಷೇಲಿರೋ ಹಾಗಿಲ್ಲಮ್ಮ. ನಿಮಗೆ ಗೊತ್ತಾಗಿಬಿಡುತ್ತೆ."

"ಗೊತ್ತಿರೋದೇ ತಪ್ಪಾ?" ಮಗ ಎದ್ದುನಿಂತ. "ಹಾಗಾದ್ರೆ ಅಸಲಿ ಕೊಟ್ಟು ಕಳ್ಸಿ."

"ಪರೀಕ್ಷೆ ಮುಗಿಯೋವರೆಗೂ ಹೊರಗಿನವರಿಗೆ ಕೊಡೋ ಹಾಗಿಲ್ಲ."

"ಗಿಡ ತೋರಿಸಿದವಳೇ ಹೊರಗಿನವಳು! ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತೀರಲ್ಲ..."

ಅಮ್ಮ ಅವನ ಅಂಗಿ ಜಗ್ಗಿದಳು.

ಹತ್ತು ದಿನ ಕಳೆದು ಡಾಕ್ಟರಮ್ಮ ಮನೆಗೇ ಬಂದರು. ಮಂಚದ ತುದಿಯಲ್ಲಿ ಕೂತು ಮೆತ್ತಗೆ ಕೇಳಿದರು: "ನೀರಿಗೆ ಏನು ಬೆರೆಸಿದ್ರೆ ಯಾರಿಗೂ ಗೊತ್ತಾಗಲ್ಲಮ್ಮ?"

"ಸತ್ರೂ ಹೇಳ್ಬೇಡ," ಅಂದ ಮಗ. "ಮೊದಲು ನಿನಗೆ ಔಷಧಿ ಕೊಡ್ಲಿ."

ಅಮ್ಮನ ಎದೆ ತಿದಿಯ ಹಾಗೆ ಏಳುತ್ತಿತ್ತು. ಒಂದೊಂದು ಮಾತಿಗೂ ಗೋಡೆ ಹಿಡಿದಳು.

"ಆ ಗಿಡದ್ದೇ... ಎಲೆ ತೊಟ್ಟು ಕುದಿಸಿ. ವಾಸನೆ ಅದೇ, ಗುಣ ಸೊನ್ನೆ. ನನಗೂ ಗೊತ್ತಾಗಲ್ಲ." ಉಸಿರಿಗಾಗಿ ತಡೆದಳು. "ಈಗ... ಸೇರಿಸ್ಕೊಳ್ತೀರಾ?"

ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದರು. ಪೂರ್ತಿ ಬರೆದಾದ ಮೇಲೆ ತಲೆಯೆತ್ತಿದರು.

"ತುಂಬಾ ಉಪಕಾರ ಆಯ್ತಮ್ಮ. ಆದ್ರೆ ಒಂದ್ಸಲ ತೆಗೆದ ಹೆಸರನ್ನ ಮತ್ತೆ ಸೇರಿಸೋಕಾಗಲ್ಲ."

ಮಗ ಬಾಗಿಲು ತೆರೆದು ನಿಂತ. ಮೆಟ್ಟಿಲಿಳಿಯುತ್ತಿದ್ದವರ ಬೆನ್ನಿಗೆ ಬಯ್ಯಲೆಂದು ಬಾಯಿ ತೆರೆದ. ಒಳಗಿನಿಂದ ಅಮ್ಮನ ಎದೆಯ ಸಿಳ್ಳೆ ಕೇಳಿಸಿತು. ಅದಕ್ಕಿಂತ ದೊಡ್ಡ ಬೈಗುಳ ಅವನಿಗೆ ಸಿಗಲಿಲ್ಲ.