ತಮ್ಮನ ಕೈಗೆ ಕೊಟ್ಟ ಗನ್

ಪಿಕಪ್ ಗಾಡಿಗಳ ಹಿಂಬದಿಯ ತೊಟ್ಟಿಗೆ ಕಪ್ಪು ಲೈನಿಂಗ್ ಹೊಡೆಯುವ ಆ ಶೆಡ್ಡನ್ನು ಕಟ್ಟಿದವನು ಅಣ್ಣತಮ್ಮಂದಿರಿಬ್ಬರಲ್ಲಿ ದೊಡ್ಡವನು. ಬಿಸಿ ಮಾಡಿದ ಎರಡು ರಾಸಾಯನಿಕಗಳು ಸ್ಪ್ರೇ ಗನ್ನಿನ ತುದಿಯಲ್ಲಿ ಕೂಡಿ, ಮಂಜಿನ ಹಾಗೆ ಹಾರಿ ತಗಡಿನ ಮೇಲೆ ಕೂತರೆ, ನೋಡನೋಡುತ್ತಲೇ ಗಟ್ಟಿಯಾಗಿಬಿಡುತ್ತವೆ. ಆಮೇಲೆ ಕಲ್ಲು ಸುರಿದರೂ ಕಬ್ಬಿಣ ಎಳೆದರೂ ತಗಡಿಗೆ ಒಂದು ಗೀರು ಬೀಳುವುದಿಲ್ಲ. ಆದರೆ ಆ ಮಂಜು ಎದೆಗಿಳಿದರೆ ಮಾತು ಬೇರೆ. ವರ್ಷಗಟ್ಟಲೆ ಗನ್ ಹಿಡಿದ ದೊಡ್ಡವನಿಗೆ ಒಂದು ಮಧ್ಯಾಹ್ನ ಉಸಿರೇ ಕಟ್ಟಿತು.

"ನಿಮ್ಮ ಮೈಗೆ ಇದು ಇನ್ನು ವಿಷ. ಚೂರು ಒಳಗೆ ಹೋದ್ರೂ ಜೀವಕ್ಕೆ ಕುತ್ತು," ಎಂದರು ಡಾಕ್ಟರು.

ಆಗ ಅವನು, ಬ್ರೆಡ್ ವ್ಯಾನ್ ಓಡಿಸಿಕೊಂಡು ಹಾಯಾಗಿದ್ದ ತಮ್ಮನನ್ನು ಕರೆದ. ಚಿಕ್ಕವನು ಹಿಂದೆಮುಂದೆ ನೋಡದೆ ಬಂದ. ಬಿಳಿ ಸೂಟು, ಮುಖದ ತುಂಬ ಮಾಸ್ಕು ತೊಟ್ಟ ಮೊದಲ ದಿನ ಅಮ್ಮನ ಮುಂದೆ ನಿಂತು, "ಚಂದ್ರಲೋಕಕ್ಕೆ ಹೋಗ್ಬರ್ತೀನಮ್ಮ, ಊಟಕ್ಕೆ ಕಾಯ್ಬೇಡ," ಎಂದು ಮನೆಯವರನ್ನೆಲ್ಲ ನಗಿಸಿದ್ದ. ಅಂದಿನಿಂದ ಕೀಳುವುದು, ಉಜ್ಜುವುದು, ತೊಳೆಯುವುದು ಅಣ್ಣನ ಪಾಲು. ಸ್ಪ್ರೇ ತಮ್ಮನ ಪಾಲು. ಸ್ಪ್ರೇ ನಡೆಯುವಷ್ಟು ಹೊತ್ತೂ ದೊಡ್ಡವನು ರಸ್ತೆಯಾಚೆಯ ಗೋಡೆಗೆ ಒರಗಿ ನಿಂತಿರುತ್ತಿದ್ದ.

ಹೀಗಿರುವಾಗ ಕಲ್ಲು ಸಾಗಿಸುವವನೊಬ್ಬ ತನ್ನ ಹಳೆಯ ಪಿಕಪ್ ತಂದು ನಿಲ್ಲಿಸಿದ. ಹಿಂದೆಂದೋ ಹೊಡೆಸಿದ್ದ ಲೈನಿಂಗು ಡೋರಿನ ಬಳಿ ಸುಲಿದೆದ್ದು, ಅಡಿಯಲ್ಲಿ ನೀರು ಸೇರಿ ತಗಡು ತುಕ್ಕು ಹಿಡಿದಿತ್ತು.

"ಇದರ ಮೇಲೇ ಒಂದು ಕೋಟ್ ಎಳೆದುಬಿಡಿ," ಎಂದ ಅವನು.

"ಕೆಳಗಿನದೇ ಸಡಿಲ ಆಗಿದ್ರೆ ಮೇಲಿನದು ಎಲ್ಲಿ ನಿಲ್ಲತ್ತೆ? ಎದ್ದಿರೋದನ್ನೆಲ್ಲ ಕಿತ್ತೇ ಹಾಕ್ಬೇಕು," ಎಂದ ದೊಡ್ಡವನು.

ಉಳಿ ಹಿಡಿದು ಹೋಳುಹೋಳಾಗಿ ಕಿತ್ತ. ಗ್ರೈಂಡರ್ ಹಿಡಿದು ತುಕ್ಕು ತೆಗೆದ, ತೊಳೆದು ಒಣಗಿಸಿದ, ಅಂಚಿಗೆಲ್ಲ ಟೇಪು ಸುತ್ತಿ ತಮ್ಮನಿಗೆ ಒಪ್ಪಿಸಿ ರಸ್ತೆ ದಾಟಿದ.

ಗನ್ನಿನ ಸದ್ದು ಶುರುವಾಯಿತು. ಒಂದು ಪಕ್ಕ ಮುಗಿಯುವಷ್ಟು ಹೊತ್ತು ಕೇಳಿಸಿ ತಟ್ಟನೆ ನಿಂತಿತು. ಗನ್ನಿನ ಬಾಯಿ ಕಟ್ಟಿಕೊಂಡಿರಬೇಕು ಎಂದುಕೊಂಡ ದೊಡ್ಡವನು. ಅಷ್ಟರಲ್ಲಿ ಪಕ್ಕದ ಬಾಗಿಲು ತಳ್ಳಿಕೊಂಡು ಚಿಕ್ಕವನು ಹೊರಗೆ ಬಂದ. ಮಾಸ್ಕು ಕಿತ್ತೆಸೆದು, ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತ. ದೊಡ್ಡವನು ಓಡಿದ. ಹತ್ತಿರ ಹೋದವನಿಗೆ ತಮ್ಮನ ಎದೆಯೊಳಗಿನ ಸಿಳ್ಳೆ ಕೇಳಿಸಿತು. ಆ ಸಿಳ್ಳೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಧೂಳು ಅಣ್ಣ... ಗಂಟಲಿಗೆ ಹೋಯ್ತು."

"ಯಾವಾಗಿಂದ?"

ಚಿಕ್ಕವನು ಮುಖ ತಿರುಗಿಸಿದ. ಸದ್ದು ಕೇಳಿ ಶೆಡ್ಡಿನ ಹಿಂದಿನ ಮನೆಯಿಂದ ಬಂದ ಅವನ ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. "ಆರು ತಿಂಗಳಾಯ್ತು ಭಾವ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾರೆ. ನಿಮಗೆ ಹೇಳಿದ್ರೆ ನನ್ನಾಣೆ ಅಂದಿದ್ರು."

ಒಂದೇ ಸೂರಿನಡಿ ಇದ್ದೂ ದೊಡ್ಡವನೊಬ್ಬನಿಗೇ ತಿಳಿದಿರಲಿಲ್ಲ.

ಉಸಿರು ಹದಕ್ಕೆ ಬಂದದ್ದೇ ಚಿಕ್ಕವನು ಮಾಸ್ಕು ಎತ್ತಿಕೊಂಡ. "ಅರ್ಧಕ್ಕೆ ನಿಂತಿದೆ. ತಡ ಆದ್ರೆ ಮಿಕ್ಕಿದ ಕೋಟು ಈಗ ಹೊಡೆದದ್ದಕ್ಕೆ ಕೂಡಲ್ಲ, ಅಲ್ಲೇ ಸುಲಿಯತ್ತೆ."

"ಸುಲೀಲಿ! ಗಾಡಿ ಹಾಳಾಗಿ ಹೋಗ್ಲಿ! ನೀನು ಒಳಗೆ ಕಾಲಿಡ್ಬೇಡ."

"ಮತ್ತೇನ್ ಮಾಡ್ಲಿ? ನೀನೇ ಹೇಳು."

ದೊಡ್ಡವನು ತಮ್ಮನ ತೋಳು ಹಿಡಿದು ಎಳೆದುಕೊಂಡು ಹೋಗಿ ಶೆಡ್ಡಿಗೆ ಬೀಗ ಜಡಿದ. ಪಿಕಪ್ಪನ್ನು ಮರುದಿನ ಅರ್ಧ ಕಪ್ಪು, ಅರ್ಧ ಬರಿ ತಗಡಾಗಿಯೇ ಅದರ ಒಡೆಯ ಬೈದುಕೊಂಡು ಒಯ್ದ. ಗನ್ನು, ಪಂಪು ಎಲ್ಲ ಸಿಕ್ಕಿದವರಿಗೆ ಕೊಟ್ಟದ್ದಾಯಿತು. ಇನ್ನಾದರೂ ತಮ್ಮ ಉಳಿದ ಎಂದು ದೊಡ್ಡವನು ಸಮಾಧಾನಪಟ್ಟುಕೊಂಡ.

ಚಿಕ್ಕವನು ಬ್ರೆಡ್ಡಿನವರ ಬಳಿ ಹೋದ. ಅವನ ಜಾಗದಲ್ಲಿ ಬೇರೊಬ್ಬ ಬಂದಾಗಿತ್ತು. ಗೋದಾಮಿನವರು ಕರೆದರು, ಮೂಟೆ ಹೊತ್ತು ಮೆಟ್ಟಿಲೇರುವಷ್ಟರಲ್ಲಿ ಅವನ ತುಟಿ ನೀಲಿಯಾಯಿತು, ಅವರೇ ಮನೆಗೆ ಕಳಿಸಿದರು. ಕೆಲವು ದಿನಗಳಾದ ಮೇಲೆ ಅವನು ಬೆಳಿಗ್ಗೆ ಹೊರಟು ಸಂಜೆ ಬರತೊಡಗಿದ. ಎಲ್ಲಿಗೆಂದು ಕೇಳಿದರೆ ನಕ್ಕು ಮಾತು ಬೇರೆಡೆಗೆ ತಿರುಗಿಸುತ್ತಿದ್ದ. ಒಂದು ದಿನ ದೊಡ್ಡವನಿಗೆ ಅವನ ಅಂಗಿಯ ಕಾಲರಿನ ಒಳಗೆ ಕಪ್ಪು ಚುಕ್ಕೆಗಳು ಕಂಡವು. ಎಷ್ಟು ಉಜ್ಜಿದರೂ ಹೋಗದ ಚುಕ್ಕೆಗಳು.

ಊರಿನ ಆಚೆ ತುದಿಯಲ್ಲಿ ಲೈನಿಂಗಿನ ದೊಡ್ಡ ಅಂಗಡಿಯೊಂದಿತ್ತು. ದೊಡ್ಡವನು ಅಲ್ಲಿಗೆ ನಡೆದ. ಮಾಲೀಕ ಹೊರಗೇ ಸಿಕ್ಕಿದ.

"ನನ್ನ ತಮ್ಮನಿಗೆ ಗನ್ ಕೊಡಬೇಡಿ ಸಾರ್. ಅವನ ಎದೆ ಹೋಗಿದೆ. ಸಾಯ್ತಾನೆ."

ಮಾಲೀಕ ನೆಲ ನೋಡಿದ. "ಗೊತ್ತು. ಅವನೇ ಎಲ್ಲ ಹೇಳಿದ. ಗೇಟ್ ಕಾಯೋ ಕೆಲಸ ಮಾಡ್ಕೊಂಡಿರು ಅಂದೆ. ಮನೇಲಿ ಅಮ್ಮ ಇದಾರೆ, ಹುಷಾರಿಲ್ಲದ ಅಣ್ಣ ಇದಾನೆ, ಆ ಸಂಬಳದಲ್ಲಿ ಆಗಲ್ಲ ಅಂದ. ನಾನೇನ್ ಮಾಡ್ಲಿ?"

ಒಳಗೆ ಗನ್ ಹೊಡೆಯುತ್ತಿದ್ದ ಸದ್ದು ಬರುತ್ತಿತ್ತು. ಹೋಗಿ ತಮ್ಮನನ್ನು ಎಳೆದು ತರೋಣವೆಂದು ದೊಡ್ಡವನು ಮುಂದೆ ಹೆಜ್ಜೆ ಇಟ್ಟ. ಬಾಗಿಲು ಇನ್ನೂ ದೂರವಿರುವಾಗಲೇ ಗಾಳಿಯಲ್ಲಿದ್ದ ಆ ಮಂಜಿನ ಒಂದೆಳೆ ಅವನ ಎದೆಯನ್ನು ಹಿಂಡಿತು. ಕೆಮ್ಮುತ್ತ, ಗೋಡೆ ಹಿಡಿದುಕೊಂಡು ರಸ್ತೆಗೆ ಬಂದ. ಕಲ್ಲಿನ ಮೇಲೆ ಕೂತು ಜೇಬಿನ ಇನ್‌ಹೇಲರ್ ಎಳೆದುಕೊಂಡ. ಉಸಿರು ಬಂತು. ಒಳಗೆ ಕೆಲಸ ನಿಲ್ಲಲೇ ಇಲ್ಲ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿದ್ದಳು.

"ತಮ್ಮ ಸಿಕ್ಕಿದ್ನೇನೋ?"

"ಸಿಕ್ಕಿದ್ದಮ್ಮ. ಕೆಲಸದಲ್ಲಿದ್ದ," ಎಂದು ದೊಡ್ಡವನು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.